ನ್ಯಾಟ್ ಇರುವಲ್ಲಿ ರೂಟಿಂಗ್ ಸಂಪರ್ಕ ಕೆಟ್ಟರೆ: ಮೈಕ್ರೋಟಿಕ್ ಹೆಕ್ಸ್ ರೂಟರಿನ ವಿಮರ್ಶೆ

ಸಣ್ಣ ಕಚೇರಿಗೆ ರೂಟರ್ ಕೊಳ್ಳುವವರು ಸಾಮಾನ್ಯವಾಗಿ ವೇಗ, ಬೆಲೆ ಮತ್ತು ವೈ-ಫೈ ವ್ಯಾಪ್ತಿಯನ್ನು ವಿಚಾರಿಸುತ್ತಾರೆ. ಆದರೆ ಎರಡು ಮೂರು ಊರುಗಳಲ್ಲಿ ಶಾಖೆಗಳಿದ್ದು, ಅವುಗಳ ನಡುವೆ ಬಿಜಿಪಿ ಅಥವಾ ಓಎಸ್‌ಪಿಎಫ್ (ಯಾವ ಜಾಲಕ್ಕೆ ಯಾವ ದಾರಿ ಎಂದು ರೂಟರುಗಳು ಪರಸ್ಪರ ತಿಳಿಸಿಕೊಳ್ಳುವ ವಿಧಾನಗಳು) ನಡೆಸಬೇಕಾದವರು ಇನ್ನೊಂದು ಪ್ರಶ್ನೆಯನ್ನು ಕೇಳಲೇಬೇಕು. ನೆರೆಯ ರೂಟರಿನೊಡನೆ ಸಂಪರ್ಕ ಏಳದಿದ್ದಾಗ, ಪ್ಯಾಕೆಟ್ಟಿನ (ಜಾಲದಲ್ಲಿ ಸಾಗುವ ಮಾಹಿತಿಯ ತುಣುಕಿನ) ವಿಳಾಸ ಎಲ್ಲಿ ಬದಲಾಯಿತು ಎಂಬುದನ್ನು ಈ ರೂಟರ್ ತೋರಿಸಿಕೊಡುತ್ತದೆಯೇ? ದಾರಿಯಲ್ಲಿ ಹೀಗೆ ವಿಳಾಸ ಬದಲಿಸುವ ಕ್ರಿಯೆಗೇ ನ್ಯಾಟ್ ಎಂದು ಹೆಸರು. ಲಾಟ್ವಿಯಾ ದೇಶದ ಮೈಕ್ರೋಟಿಕ್ ಕಂಪನಿಯ ಹೆಕ್ಸ್ ಎಂಬ ರೂಟರನ್ನು, ನಿಖರವಾಗಿ ಹೇಳುವುದಾದರೆ ಆರ್‌ಬಿ750ಜಿಆರ್3 ಮಾದರಿಯನ್ನು, ನಾನು ಮುಖ್ಯವಾಗಿ ಈ ಪ್ರಶ್ನೆಯನ್ನಿಟ್ಟುಕೊಂಡೇ ಪರೀಕ್ಷಿಸಿದ್ದೇನೆ. ಐದಾರು ಸಾವಿರ ರೂಪಾಯಿಯ ಸಾಧನವೊಂದು ಈ ವಿಷಯದಲ್ಲಿ ಇಷ್ಟು ಪಾರದರ್ಶಕವಾಗಿರುವುದು ನಿಜಕ್ಕೂ ಮೆಚ್ಚತಕ್ಕದ್ದು.

ನಾನು ನೋಡಿಕೊಳ್ಳುವ ಜಾಲ ಒಂದು ದಲಾಲಿ ವ್ಯಾಪಾರದ ಸಂಸ್ಥೆಯದು. ಮುಖ್ಯ ಕಚೇರಿ ಹುಬ್ಬಳ್ಳಿಯ ಅಮರಗೋಳದ ಮಾರುಕಟ್ಟೆಯ ಬಳಿ ಇದೆ. ಶಾಖೆಗಳು ಗದಗಿನಲ್ಲಿ ಮತ್ತು ಹಾವೇರಿ ಜಿಲ್ಲೆಯ ಬ್ಯಾಡಗಿಯಲ್ಲಿವೆ. ಲೆಕ್ಕಪತ್ರದ ಟ್ಯಾಲಿ ಸರ್ವರ್ ಹುಬ್ಬಳ್ಳಿಯಲ್ಲಿರುವುದರಿಂದ, ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಆವಕ ಹೆಚ್ಚಿರುವ ದಿನಗಳಲ್ಲಿ ಸಂಪರ್ಕ ಕಡಿದುಹೋದರೆ ಗುಮಾಸ್ತರು ತೂಕದ ಚೀಟಿಗಳನ್ನು ಕೈಯಲ್ಲೇ ಬರೆದಿಟ್ಟುಕೊಳ್ಳಬೇಕಾಗುತ್ತದೆ. ಹುಬ್ಬಳ್ಳಿ ಮತ್ತು ಬ್ಯಾಡಗಿಗೆ ಸ್ಥಿರ ಸಾರ್ವಜನಿಕ ವಿಳಾಸಗಳಿವೆ. ಗದಗಿನ ಸಂಪರ್ಕಕ್ಕೆ ಮಾತ್ರ 100.64.0.0/10 ವ್ಯಾಪ್ತಿಯ ವಿಳಾಸ ಸಿಗುತ್ತದೆ; ಇದು ಸೇವಾದಾರರೇ ತಮ್ಮ ಮಟ್ಟದಲ್ಲಿ ನ್ಯಾಟ್ ಮಾಡುವುದಕ್ಕಾಗಿ 2012ರಲ್ಲಿ ಮೀಸಲಿಟ್ಟ ವ್ಯಾಪ್ತಿ. ಅಂದರೆ ಗದಗಿನ ರೂಟರಿನ ಒಳಗಿರುವ ಕಂಪ್ಯೂಟರುಗಳು ಒಂದಲ್ಲ, ಎರಡು ನ್ಯಾಟ್‌ಗಳ ಹಿಂದೆ ಕುಳಿತಿವೆ. ಮೂರೂ ಕಡೆ ಇರುವುದು ಹೆಕ್ಸ್. ನಡುವೆ ವೈರ್‌ಗಾರ್ಡ್ ಟನಲ್‌ಗಳು, ಅಂದರೆ ಅಂತರ್ಜಾಲದ ಮೂಲಕವೇ ಸಾಗುವ ಗೂಢಲಿಪಿಯ ಖಾಸಗಿ ಕೊಂಡಿಗಳು. ಅವುಗಳ ಮೇಲೆ 65001, 65002, 65003 ಎಂಬ ಖಾಸಗಿ ಎಎಸ್ ಸಂಖ್ಯೆಗಳ (ಬಿಜಿಪಿಯಲ್ಲಿ ಒಂದೊಂದು ಜಾಲವನ್ನು ಗುರುತಿಸುವ ಸಂಖ್ಯೆಗಳ) ಬಿಜಿಪಿ.

ಯಂತ್ರಾಂಶದ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ. 880 ಮೆಗಾಹರ್ಟ್ಸ್‌ನ ಎರಡು ಕೋರ್‌ಗಳ ಪ್ರೊಸೆಸರ್, 256 ಎಂಬಿ ರ‍್ಯಾಮ್, 16 ಎಂಬಿ ಫ್ಲ್ಯಾಶ್, ಐದು ಗಿಗಾಬಿಟ್ ಪೋರ್ಟುಗಳು, ಒಂದು ಯುಎಸ್‌ಬಿ ಕಿಂಡಿ ಮತ್ತು ಒಂದು ಮೈಕ್ರೋಎಸ್‌ಡಿ ಕಿಂಡಿ ಇವೆ. ವೈ-ಫೈ ಇಲ್ಲ. 8ರಿಂದ 30 ವೋಲ್ಟ್‌ವರೆಗಿನ ಡಿಸಿ ವಿದ್ಯುತ್ತನ್ನು ಒಪ್ಪಿಕೊಳ್ಳುವುದರಿಂದ, ಕರೆಂಟು ಪದೇಪದೇ ಹೋಗುವ ಕಡೆ 12 ವೋಲ್ಟ್‌ನ ಸಣ್ಣ ಯುಪಿಎಸ್‌ಗೆ ನೇರವಾಗಿ ಜೋಡಿಸಬಹುದು. ನಮ್ಮ ಶಾಖೆಗಳಿಗೆ ಇದು ದೊಡ್ಡ ಅನುಕೂಲ.

ಇನ್ನು ಮುಖ್ಯ ವಿಷಯ. ಹೊಸ ಹೆಕ್ಸ್ ಪೆಟ್ಟಿಗೆಯಿಂದ ಹೊರಬರುವಾಗಲೇ ಅದರಲ್ಲಿ ಒಂದು ಮಾಸ್ಕರೇಡ್ ನಿಯಮವಿರುತ್ತದೆ (ಹೊರಹೋಗುವ ಪ್ಯಾಕೆಟ್ಟಿನ ಮೂಲವಿಳಾಸವನ್ನು ರೂಟರಿನ ಆ ಕಡೆಯ ವಿಳಾಸಕ್ಕೆ ಬದಲಿಸುವ ನ್ಯಾಟ್), ಮತ್ತು ಆ ನಿಯಮ ವ್ಯಾನ್ (ಹೊರಜಾಲದ) ಪಟ್ಟಿಯಲ್ಲಿರುವ ಇಂಟರ್‌ಫೇಸ್‌ಗಳಿಗೆ (ಪೋರ್ಟು, ಟನಲ್‌ನಂತಹ ಸಂಪರ್ಕದ್ವಾರಗಳಿಗೆ) ಮಾತ್ರ ಅನ್ವಯಿಸುವಂತೆ ಕಂಪನಿಯೇ ಎಚ್ಚರಿಕೆಯಿಂದ ಬರೆದಿರುತ್ತದೆ. ನಮ್ಮ ಮೊದಲ ಜೋಡಣೆ ಮಾಡಿದವರು ಈ ನಿಯಮವನ್ನು ತೆಗೆದು, ಯಾವ ಇಂಟರ್‌ಫೇಸಿನ ಹೆಸರೂ ಇಲ್ಲದ, ಎಲ್ಲಕ್ಕೂ ಅನ್ವಯಿಸುವ ಮಾಸ್ಕರೇಡ್ ಒಂದನ್ನು ಹಾಕಿದ್ದರು, ಮತ್ತು ಅದೇ ಸಂರಚನೆಯನ್ನು ಮೂರೂ ಊರುಗಳಿಗೆ ನಕಲು ಮಾಡಿದ್ದರು. ಅಂತರ್ಜಾಲ ಎಲ್ಲ ಕಡೆ ಚೆನ್ನಾಗಿ ನಡೆಯುತ್ತಿತ್ತು, ಟನಲ್ ಏಳುತ್ತಿತ್ತು, ಒಂದು ಕಡೆಯಿಂದ ಇನ್ನೊಂದು ಕಡೆಗೆ ಪಿಂಗ್ ಸಹ ಹೋಗುತ್ತಿತ್ತು. ಬಿಜಿಪಿ ಮಾತ್ರ ಏಳುತ್ತಿರಲಿಲ್ಲ.

ಕಾರಣ ಹೀಗಿದೆ. ಬಿಜಿಪಿ ಸಂಪರ್ಕವನ್ನು ಟನಲ್‌ನ ವಿಳಾಸಗಳ ನಡುವೆ ಕಟ್ಟದೆ, ಖಾಲಿ ಬ್ರಿಡ್ಜ್ ಒಂದರ ಮೇಲಿಟ್ಟ ಲೂಪ್‌ಬ್ಯಾಕ್ ವಿಳಾಸಗಳ (ಯಾವ ಹೊರಕೊಂಡಿಗೂ ಸೇರದ, ರೂಟರಿನದೇ ಆದ ಸ್ಥಿರ ವಿಳಾಸಗಳ) ನಡುವೆ ಕಟ್ಟಲಾಗಿತ್ತು. ಈ ಪದ್ಧತಿ ಒಳ್ಳೆಯದೇ, ಏಕೆಂದರೆ ಟನಲ್ ಬದಲಾದರೂ ನೆರೆಯ ವಿಳಾಸ ಬದಲಾಗುವುದಿಲ್ಲ. ಆದರೆ ರೂಟರ್ ತಾನೇ ಹುಟ್ಟಿಸಿದ ಪ್ಯಾಕೆಟ್ ಕೂಡ ಹೊರಹೋಗುವ ಮುನ್ನ ಸೋರ್ಸ್ ನ್ಯಾಟ್ ಸರಪಳಿಯನ್ನು (ಮೂಲವಿಳಾಸ ಬದಲಿಸುವ ನಿಯಮಗಳ ಸಾಲನ್ನು) ದಾಟಿಯೇ ಹೋಗಬೇಕು. ಹುಬ್ಬಳ್ಳಿಯ ಲೂಪ್‌ಬ್ಯಾಕ್ ಆದ 10.255.0.1ರಿಂದ ಗದಗಿನ 10.255.0.2ರಲ್ಲಿ ಬಿಜಿಪಿ ಬಳಸುವ 179ನೆಯ ಟಿಸಿಪಿ ಪೋರ್ಟಿಗೆ ಹೊರಟ ಮೊದಲ ಪ್ಯಾಕೆಟ್, ಆ ಇಂಟರ್‌ಫೇಸಿಲ್ಲದ ಮಾಸ್ಕರೇಡ್‌ಗೆ ಸಿಕ್ಕಿ, ಟನಲ್ ಇಂಟರ್‌ಫೇಸಿನ ವಿಳಾಸವನ್ನು ತನ್ನ ಮೂಲವಿಳಾಸವೆಂದು ಹೊತ್ತುಕೊಂಡು ಗದಗನ್ನು ತಲುಪುತ್ತಿತ್ತು. ಗದಗಿನ ಸಂರಚನೆಯಲ್ಲಿ ಆ ವಿಳಾಸದ ನೆರೆಯವನೇ ಇಲ್ಲ. ಆದ್ದರಿಂದ ಅದು ಸಂಪರ್ಕವನ್ನು ನಿರಾಕರಿಸುತ್ತಿತ್ತು. ಗದಗಿನ ನಿಯಮವೂ ಅದರ ನಕಲೇ ಆಗಿದ್ದರಿಂದ, ಆ ಕಡೆಯಿಂದ ಹೊರಟ ಪ್ರಯತ್ನಗಳಿಗೂ ಇದೇ ಗತಿ.

ಇದನ್ನು ಕಂಡುಹಿಡಿಯಲು ಹೆಕ್ಸ್ ಕೊಡುವ ಸಾಧನಗಳೇ ಅದರ ನಿಜವಾದ ಯೋಗ್ಯತೆ. ಫೈರ್‌ವಾಲ್ ವಿಭಾಗದ ಕನೆಕ್ಷನ್ ಪಟ್ಟಿಯಲ್ಲಿ 179 ಎಂದು ಸೋಸಿದರೆ, ಪ್ರತಿ ಸಾಲಿನಲ್ಲೂ ಹೋಗುವ ದಿಕ್ಕಿನ ವಿಳಾಸಗಳೂ ಮರಳುವ ದಿಕ್ಕಿನ ವಿಳಾಸಗಳೂ ಅಕ್ಕಪಕ್ಕದಲ್ಲಿ ಕಾಣುತ್ತವೆ. ನ್ಯಾಟ್ ಆಗದ ಸಂಪರ್ಕದಲ್ಲಿ ಹೋಗುವಾಗಿನ ಮೂಲವಿಳಾಸವೇ ಮರಳುವಾಗಿನ ಗುರಿವಿಳಾಸವಾಗಿರಬೇಕು. ಅವೆರಡು ಬೇರೆಯಾಗಿದ್ದರೆ ಮೂಲವಿಳಾಸ ಬದಲಾಗಿದೆ ಎಂದರ್ಥ, ಮತ್ತು ಸಾಲಿನ ಆರಂಭದಲ್ಲಿ ಸಣ್ಣಕ್ಷರದ ಎಸ್ ಗುರುತು ಅದನ್ನೇ ಹೇಳುತ್ತದೆ. ದೊಡ್ಡಕ್ಷರದ ಎಸ್ ಗುರುತಿನ ಅರ್ಥ ಬೇರೆ, ಉತ್ತರ ಬಂದಿದೆ ಎಂಬುದಷ್ಟೇ, ಇವೆರಡನ್ನು ಬೆರೆಸಿಕೊಳ್ಳಬಾರದು. ಇದಾದ ಮೇಲೆ ಪ್ಯಾಕೆಟ್ ಸ್ನಿಫರನ್ನು (ಹಾದುಹೋಗುವ ಪ್ಯಾಕೆಟ್ಟುಗಳನ್ನು ಹಿಡಿದು ತೋರಿಸುವ ಸಾಧನವನ್ನು) ಟನಲ್ ಇಂಟರ್‌ಫೇಸಿನ ಮೇಲೆ ಎರಡೂ ತುದಿಗಳಲ್ಲಿ ಓಡಿಸಿದರೆ, ನ್ಯಾಟ್ ಮುಗಿದ ಮೇಲಿನ ರೂಪದಲ್ಲಿ ಪ್ಯಾಕೆಟ್ ಕಾಣುತ್ತದೆ. ರೂಟರ್ ಕಳಿಸಬೇಕೆಂದಿದ್ದ ವಿಳಾಸ, ಪಟ್ಟಿಯಲ್ಲಿ ದಾಖಲಾದ ವಿಳಾಸ, ತಂತಿಯ ಮೇಲೆ ನಿಜವಾಗಿ ಹೋದ ವಿಳಾಸ ಈ ಮೂರನ್ನೂ ಹೋಲಿಸಿದ ಮೇಲೆ ಊಹೆಗೆ ಜಾಗವೇ ಉಳಿಯುವುದಿಲ್ಲ. ಮೂರನ್ನೂ ಮೈಕ್ರೋಟಿಕ್‌ನ ನಿರ್ವಹಣಾ ತಂತ್ರಾಂಶವಾದ ವಿನ್‌ಬಾಕ್ಸ್‌ನ ಒಂದೇ ಪರದೆಯಲ್ಲಿ ತೆರೆದಿಟ್ಟುಕೊಂಡು ನೋಡಬಹುದಾದ ಈ ಬೆಲೆಯ ಬೇರೆ ರೂಟರನ್ನು ನಾನು ಕಂಡಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ನ್ಯಾಟ್ ನಿಯಮದ ಎದುರಿಗಿರುವ ಎಣಿಕೆ ಪ್ರತಿ ಪ್ಯಾಕೆಟ್ಟಿಗೂ ಏರುವುದಿಲ್ಲ. ಹೊಸ ಸಂಪರ್ಕದ ಮೊದಲ ಪ್ಯಾಕೆಟ್ಟಿಗೆ ಮಾತ್ರ ಏರುತ್ತದೆ. ಎಣಿಕೆ ಕಡಿಮೆ ಇದೆ ಎಂಬ ಕಾರಣಕ್ಕೆ ಆ ನಿಯಮವನ್ನು ಸಂಶಯದ ಪಟ್ಟಿಯಿಂದ ಬಿಟ್ಟುಬಿಡಬಾರದು.

ಇದಕ್ಕಿಂತ ಸೂಕ್ಷ್ಮವಾದ ಸಂಗತಿ ದುರಸ್ತಿಯ ನಂತರ ಎದುರಾಗುತ್ತದೆ. ಹುಬ್ಬಳ್ಳಿಯ ನಿಯಮವನ್ನು ಸರಿಪಡಿಸಿದ ಕೂಡಲೇ ಬಿಜಿಪಿ ಎದ್ದಿತು, ಗದಗಿನ ತಪ್ಪು ನಿಯಮ ಹಾಗೆಯೇ ಇದ್ದರೂ. ಬಿಜಿಪಿಯಲ್ಲಿ ಎರಡೂ ಕಡೆಯವರು ಸಂಪರ್ಕಕ್ಕೆ ಪ್ರಯತ್ನಿಸುತ್ತಾರೆ. ಯಾವುದಾದರೂ ಒಂದು ಗೆದ್ದರೆ ಸಾಕು. ನ್ಯಾಟ್ ತೀರ್ಮಾನವಾಗುವುದು ಸಂಪರ್ಕ ಆರಂಭಿಸಿದವರ ಮೊದಲ ಪ್ಯಾಕೆಟ್ಟಿನಲ್ಲಿ, ಅದಕ್ಕೆ ಬರುವ ಉತ್ತರದಲ್ಲಿ ಅಲ್ಲ. ಆದ್ದರಿಂದ ಹುಬ್ಬಳ್ಳಿ ಆರಂಭಿಸಿದಾಗ ಗದಗಿನ ಕೆಟ್ಟ ನಿಯಮ ಉತ್ತರವನ್ನು ಮುಟ್ಟುವುದೇ ಇಲ್ಲ. ಇಷ್ಟಕ್ಕೇ ತೃಪ್ತರಾಗಿ ಕೈತೊಳೆದುಕೊಂಡರೆ, ಮುಂದೆ ಯಾರಾದರೂ ಹುಬ್ಬಳ್ಳಿಯನ್ನು ಕೇಳಿಸಿಕೊಳ್ಳುವ ಕಡೆಯಾಗಿ ಮಾತ್ರ ಹೊಂದಿಸಿದ ದಿನ ಸಂಪರ್ಕ ಮತ್ತೆ ಬೀಳುತ್ತದೆ, ಮತ್ತು ಆಗ ಎಲ್ಲರೂ ಹುಬ್ಬಳ್ಳಿಯಲ್ಲೇ ದೋಷ ಹುಡುಕುತ್ತಾರೆ. ಹೆಕ್ಸ್‌ನ ಕಾರ್ಯಾಚರಣಾ ವ್ಯವಸ್ಥೆಯಾದ ರೂಟರ್‌ಓಎಸ್‌ನ 7ನೆಯ ಆವೃತ್ತಿಯ ಬಿಜಿಪಿ ಸಂರಚನೆಯಲ್ಲಿ ತಾನಾಗಿ ಕರೆಯಬೇಕೇ, ಬಂದ ಕರೆಯನ್ನು ಕೇಳಬೇಕೇ ಎಂಬ ಎರಡು ಆಯ್ಕೆಗಳು ಪ್ರತ್ಯೇಕವಾಗಿವೆ. ಒಂದೊಂದು ಕಡೆಯ ಕರೆಯನ್ನು ಆಫ್ ಮಾಡಿ, ಎರಡೂ ದಿಕ್ಕುಗಳನ್ನು ಬೇರೆಬೇರೆಯಾಗಿ ಪರೀಕ್ಷಿಸಿದ ಮೇಲೆಯೇ ದುರಸ್ತಿ ಮುಗಿಯಿತೆಂದು ಹೇಳಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಬ್ಯಾಡಗಿಯ ತೊಂದರೆಯ ಮೂಲವೂ ಇದೇ ತತ್ತ್ವದಲ್ಲಿತ್ತು, ಆದರೆ ದಿಕ್ಕು ಬೇರೆ. ಅಲ್ಲಿ ಸಿಸಿ ಕ್ಯಾಮೆರಾ ಅಳವಡಿಸಿದವರು, ದೂರದಿಂದ ಡಿವಿಆರ್ (ಕ್ಯಾಮೆರಾದ ದೃಶ್ಯಗಳನ್ನು ದಾಖಲಿಸುವ ಪೆಟ್ಟಿಗೆ) ನೋಡಲು ಅನುಕೂಲವಾಗಲೆಂದು, ವ್ಯಾನ್ ವಿಳಾಸಕ್ಕೆ ಬರುವ ಸಮಸ್ತ ಸಂಚಾರವನ್ನೂ ಡಿವಿಆರ್‌ಗೆ ತಿರುಗಿಸುವ ಡೆಸ್ಟಿನೇಷನ್ ನ್ಯಾಟ್ (ಗುರಿವಿಳಾಸ ಬದಲಿಸುವ) ನಿಯಮವನ್ನು ಸೇರಿಸಿದ್ದರು. ಪೋರ್ಟ್ ಇಲ್ಲ, ಪ್ರೋಟೋಕಾಲ್ ಇಲ್ಲ. ಡೆಸ್ಟಿನೇಷನ್ ನ್ಯಾಟ್ ರೂಟಿಂಗ್ ತೀರ್ಮಾನಕ್ಕಿಂತ ಮೊದಲೇ ನಡೆಯುವುದರಿಂದ, ರೂಟರಿಗೇ ಉದ್ದೇಶಿಸಿದ ವೈರ್‌ಗಾರ್ಡ್ ಪ್ಯಾಕೆಟ್ಟುಗಳು ಕೂಡ ರೂಟರನ್ನು ಮುಟ್ಟದೆ ಡಿವಿಆರ್‌ನ ಬಾಗಿಲಿಗೆ ಹೋಗುತ್ತಿದ್ದವು. ಬ್ಯಾಡಗಿ ಆರಂಭಿಸಿದರೆ ಟನಲ್ ಏಳುತ್ತಿತ್ತು, ಹುಬ್ಬಳ್ಳಿ ಆರಂಭಿಸಿದರೆ ಏಳುತ್ತಿರಲಿಲ್ಲ. ಕನೆಕ್ಷನ್ ಪಟ್ಟಿಯಲ್ಲಿ ಹುಬ್ಬಳ್ಳಿಯಿಂದ ಬಂದ ಯುಡಿಪಿ ಸಾಲನ್ನು ನೋಡಿದರೆ, ಉತ್ತರ ಕೊಡಬೇಕಾದ ವಿಳಾಸದ ಜಾಗದಲ್ಲಿ ಡಿವಿಆರ್‌ನ ಒಳವಿಳಾಸ ಸ್ಪಷ್ಟವಾಗಿ ಕುಳಿತಿತ್ತು. ಕ್ಯಾಮೆರಾಕ್ಕೆ ಬೇಕಾದ ಪೋರ್ಟನ್ನು ಮಾತ್ರ ನಿಯಮದಲ್ಲಿ ಉಳಿಸಿದರೆ ತೊಂದರೆ ತೀರುತ್ತದೆ. ಡಿವಿಆರನ್ನು ಹೊರಜಗತ್ತಿಗೆ ತೆರೆಯದೆ ಟನಲ್ ಮೂಲಕವೇ ನೋಡುವುದು ಇನ್ನೂ ಉತ್ತಮ. ನಮ್ಮ ಭಾಗದ ಅಂಗಡಿ, ಗೋದಾಮುಗಳ ರೂಟರುಗಳಲ್ಲಿ ಇಂತಹ ನಿಯಮ ಅಪರೂಪವಲ್ಲ. ಬೇರೆಯವರು ಕೈಯಾಡಿಸಿದ ರೂಟರಿನಲ್ಲಿ ನಾನು ಮೊದಲು ಓದುವುದು ನ್ಯಾಟ್ ಪಟ್ಟಿಯನ್ನೇ.

ಶಾಖೆಗಳೆರಡರಲ್ಲೂ ಒಳಜಾಲ 192.168.1.0/24 ಆಗಿದ್ದುದು ಮತ್ತೊಂದು ತೊಡಕು. ಪ್ರಿಂಟರ್, ತೂಕದ ಯಂತ್ರ, ಡಿವಿಆರ್ ಎಲ್ಲಕ್ಕೂ ಸ್ಥಿರ ವಿಳಾಸಗಳಿದ್ದುದರಿಂದ ಬದಲಿಸುವುದು ಸುಲಭವಿರಲಿಲ್ಲ. ಇಲ್ಲಿ ನ್ಯಾಟ್ ಶತ್ರುವಲ್ಲ, ಸಹಾಯಕ. ನೆಟ್‌ಮ್ಯಾಪ್ ಎಂಬ ಕ್ರಿಯೆ ಇಡೀ ಜಾಲವನ್ನು ಒಂದಕ್ಕೊಂದರಂತೆ ಬದಲಿಸುತ್ತದೆ, ಗದಗನ್ನು 10.61.1.0/24 ಎಂದೂ ಬ್ಯಾಡಗಿಯನ್ನು 10.62.1.0/24 ಎಂದೂ ಹೊರಗೆ ತೋರಿಸಬಹುದು. ಆದರೆ ಬಿಜಿಪಿ ಆ ಹೊಸ ಜಾಲವನ್ನು ತಾನಾಗಿ ಸಾರುವುದಿಲ್ಲ, ಏಕೆಂದರೆ ರೂಟಿಂಗ್ ಕೋಷ್ಟಕದಲ್ಲಿ ಅಂತಹ ಜಾಲವೇ ಇರುವುದಿಲ್ಲ. ರೂಟರ್‌ಓಎಸ್ 7ರಲ್ಲಿ ಸಾರಬೇಕಾದ ಜಾಲ ವಿಳಾಸಪಟ್ಟಿಯಲ್ಲೂ ಇರಬೇಕು, ರೂಟಿಂಗ್ ಕೋಷ್ಟಕದಲ್ಲೂ ಇರಬೇಕು. ಇದಕ್ಕಾಗಿ 10.61.1.0/24ಕ್ಕೆ ಒಂದು ಬ್ಲ್ಯಾಕ್‌ಹೋಲ್ ರೂಟ್ ಸೇರಿಸಬೇಕಾಗುತ್ತದೆ. ಬ್ಲ್ಯಾಕ್‌ಹೋಲ್ ಎಂದರೆ ಪ್ಯಾಕೆಟ್ಟುಗಳು ಅಲ್ಲೇ ಸತ್ತುಹೋಗುವುದಿಲ್ಲವೇ ಎಂದು ಕೇಳಬಹುದು. ಹೋಗುವುದಿಲ್ಲ, ಬಂದ ಪ್ಯಾಕೆಟ್ಟಿನ ಗುರಿವಿಳಾಸ ರೂಟಿಂಗ್ ತೀರ್ಮಾನಕ್ಕೆ ಮೊದಲೇ 192.168.1.0/24ಕ್ಕೆ ಬದಲಾಗಿಬಿಟ್ಟಿರುತ್ತದೆ. ನೆಟ್‌ಮ್ಯಾಪ್ ನಿಯಮ ಮಾಸ್ಕರೇಡ್‌ಗಿಂತ ಮೇಲಿರಬೇಕು ಎಂಬುದನ್ನು ಮಾತ್ರ ಮರೆಯಬಾರದು, ಮೊದಲು ಹೊಂದಿದ ನಿಯಮವೇ ಅಲ್ಲಿ ಅಂತಿಮ.

ಟನಲ್ ಏಕೆ ಬೇಕು, ಬಿಜಿಪಿಯನ್ನು ನೇರವಾಗಿ ನ್ಯಾಟ್ ಮೂಲಕವೇ ಹಾಯಿಸಬಾರದೇ ಎಂದು ಕೇಳುವವರಿದ್ದಾರೆ. ಟಿಸಿಪಿ ಆದ್ದರಿಂದ ಅದು ಹಾಯುತ್ತದೆ, ಸ್ಥಿತಿ ಎಸ್ಟಾಬ್ಲಿಷ್ಡ್ ಎಂದೂ ತೋರಿಸುತ್ತದೆ. ಆದರೆ ನ್ಯಾಟ್ ಬದಲಿಸುವುದು ಪ್ಯಾಕೆಟ್ಟಿನ ತಲೆಯ ವಿಳಾಸವನ್ನು ಮಾತ್ರ. ಬಿಜಿಪಿ ಸಂದೇಶದ ಒಳಗಿರುವ ನೆಕ್ಸ್ಟ್-ಹಾಪ್ (ಪ್ಯಾಕೆಟ್ಟನ್ನು ಮುಂದೆ ಯಾವ ರೂಟರಿಗೆ ಕೊಡಬೇಕೋ ಅದರ) ವಿಳಾಸವನ್ನು ಅದು ಮುಟ್ಟುವುದಿಲ್ಲ. ಮೆಣಸಿನಕಾಯಿ ಚೀಲದ ಮೇಲಿನ ಗುರುತನ್ನು ಬದಲಿಸಿ ಒಳಗಿನ ಚೀಟಿಯನ್ನು ಹಾಗೆಯೇ ಬಿಟ್ಟಂತೆ ಇದು. ಆ ಕಡೆಯ ರೂಟರಿಗೆ ರೂಟುಗಳು ಬರುತ್ತವೆ, ಆದರೆ ನೆಕ್ಸ್ಟ್-ಹಾಪ್ ತಲುಪಲಾಗದ ಖಾಸಗಿ ವಿಳಾಸವಾದ್ದರಿಂದ ಒಂದೂ ಜಾರಿಗೆ ಬರುವುದಿಲ್ಲ. ಎಂಡಿ5 ಗುಪ್ತಪದ ಇಟ್ಟಿದ್ದರೆ ಸಂಪರ್ಕವೂ ಏಳದು. 1998ರ ಆ ವಿಧಾನ ಎರಡೂ ಐಪಿ ವಿಳಾಸಗಳನ್ನು ಸೇರಿಸಿಯೇ ಸಹಿ ಲೆಕ್ಕಹಾಕುತ್ತದೆ, ಆದ್ದರಿಂದ ದಾರಿಯಲ್ಲಿ ವಿಳಾಸ ಬದಲಾದರೆ ಸಹಿ ತಾಳೆಯಾಗುವುದಿಲ್ಲ. ಸ್ನಿಫರಿನಲ್ಲಿ ಸಂಪರ್ಕ ಕೋರುವ ಮೊದಲ ಪ್ಯಾಕೆಟ್, ಅಂದರೆ ಸಿನ್, ತಲುಪುವುದು ಕಾಣುತ್ತದೆ, ಉತ್ತರ ಮಾತ್ರ ಹೊರಡುವುದಿಲ್ಲ. ಈ ಲಕ್ಷಣ ಕಂಡರೆ ನನ್ನ ಮೊದಲ ಸಂಶಯ ಎಂಡಿ5 ಮೇಲೆ. ಓಎಸ್‌ಪಿಎಫ್ ಅಂತೂ ಟಿಸಿಪಿಯೂ ಅಲ್ಲ, ಯುಡಿಪಿಯೂ ಅಲ್ಲ. ಅದು 89ನೆಯ ಐಪಿ ಪ್ರೋಟೋಕಾಲ್, ಪೋರ್ಟುಗಳೇ ಇಲ್ಲ, ಅದರ ಹಲೋ ಸಂದೇಶಗಳು 224.0.0.5 ಎಂಬ ಮಲ್ಟಿಕಾಸ್ಟ್ (ಹಲವರಿಗೆ ಒಟ್ಟಿಗೆ ತಲುಪುವ) ವಿಳಾಸಕ್ಕೆ ಹೋಗುತ್ತವೆ. ನ್ಯಾಟ್ ಮೂಲಕ ಅದನ್ನು ನಡೆಸುವ ವಿಚಾರವನ್ನೇ ಬಿಡಬೇಕು. ವೈರ್‌ಗಾರ್ಡ್ ಒಳಗೆ ನಡೆಸಬಹುದು, ಅನುಮತಿಸಿದ ವಿಳಾಸಗಳ ಪಟ್ಟಿಯಲ್ಲಿ ಆ ಮಲ್ಟಿಕಾಸ್ಟ್ ವಿಳಾಸವನ್ನೂ ಸೇರಿಸಿ, ಜಾಲದ ಬಗೆಯನ್ನು ಪಾಯಿಂಟ್-ಟು-ಪಾಯಿಂಟ್ ಎಂದು ಹೇಳಿದರೆ.

ಟನಲ್ ಇದ್ದರೂ ಎರಡು ಕಡೆ ಗಮನ ಬೇಕು. ಹೆಕ್ಸ್‌ನ ಮೂಲ ಫೈರ್‌ವಾಲ್, ಲ್ಯಾನ್ (ಒಳಜಾಲದ) ಪಟ್ಟಿಯಲ್ಲಿಲ್ಲದ ಇಂಟರ್‌ಫೇಸಿನಿಂದ ರೂಟರಿಗೆ ಬರುವ ಹೊಸ ಸಂಪರ್ಕಗಳನ್ನು ತಡೆಯುತ್ತದೆ. ಹೊಸದಾಗಿ ಸೃಷ್ಟಿಸಿದ ವೈರ್‌ಗಾರ್ಡ್ ಇಂಟರ್‌ಫೇಸ್ ಆ ಪಟ್ಟಿಯಲ್ಲಿ ಇರುವುದಿಲ್ಲ, ಹೀಗಾಗಿ 179ನೆಯ ಪೋರ್ಟಿಗೆ ಪ್ರತ್ಯೇಕ ಅನುಮತಿ ಬೇಕು. ಎರಡನೆಯದು ಪ್ಯಾಕೆಟ್ಟಿನ ಗಾತ್ರ. ವೈರ್‌ಗಾರ್ಡ್‌ನ ಸಾಮಾನ್ಯ ಮಿತಿ 1420 ಬೈಟ್. ದಾರಿಯಲ್ಲಿ ಅದಕ್ಕಿಂತ ಕಡಿಮೆ ಹಿಡಿಯುವ ಕೊಂಡಿ ಇದ್ದರೆ, ಬಿಜಿಪಿಯ ಸಣ್ಣ ಸಂದೇಶಗಳು ದಾಟಿ ಸಂಪರ್ಕ ಏಳುತ್ತದೆ, ದೊಡ್ಡ ಅಪ್‌ಡೇಟ್ ಸಂದೇಶಗಳು ಕಳೆದುಹೋಗಿ ಹೋಲ್ಡ್ ಅವಧಿ (ನೆರೆಯವರ ಸಂದೇಶಕ್ಕೆ ಕಾಯುವ ಗಡುವು) ಮುಗಿದಾಗ ಬೀಳುತ್ತದೆ, ಮತ್ತೆ ಏಳುತ್ತದೆ. ಓಎಸ್‌ಪಿಎಫ್ ಆಗಿದ್ದರೆ, ಎರಡು ತುದಿಗಳಲ್ಲಿ ಮಿತಿ ಬೇರೆಬೇರೆ ಇದ್ದಾಗ, ಎಕ್ಸ್‌ಸ್ಟಾರ್ಟ್ ಎಂಬ ನಡುಹಂತದ ಸ್ಥಿತಿಯಲ್ಲೇ ನಿಂತುಬಿಡುತ್ತದೆ.

ಗದಗಿನಲ್ಲಿ ಫೈಬರ್ ಜೊತೆಗೆ 4ಜಿ ಸಂಪರ್ಕವೂ ಇದೆ. ಇಂತಹ ಜೋಡಿ ಸಂಪರ್ಕದ ಕಡೆ ಅತ್ಯಂತ ಕಾಡುವ ದೋಷ ಹಳೆಯ ನ್ಯಾಟ್ ದಾಖಲೆಯದು. ಫೈಬರಿನ ತಂತಿಯೇ ಕಡಿದರೆ ಮಾಸ್ಕರೇಡ್ ತನ್ನ ಹಳೆಯ ದಾಖಲೆಗಳನ್ನು ತಾನೇ ಅಳಿಸುತ್ತದೆ. ಆದರೆ ಪೋರ್ಟಿನ ದೀಪ ಉರಿಯುತ್ತಲೇ ಇದ್ದು, ಸೇವಾದಾರರ ಕಡೆ ಎಲ್ಲೋ ದೂರದಲ್ಲಿ ದಾರಿ ನಿಂತಿದ್ದರೆ, ರೂಟ್ 4ಜಿಗೆ ತಿರುಗಿದ ಮೇಲೂ ಟನಲ್‌ನ ಪ್ಯಾಕೆಟ್ಟುಗಳು ಫೈಬರಿನ ವಿಳಾಸವನ್ನೇ ಹೊತ್ತು ಹೊರಡಬಹುದು. 25 ಸೆಕೆಂಡಿಗೊಮ್ಮೆ ಹೋಗುವ ವೈರ್‌ಗಾರ್ಡ್ ಕೀಪ್‌ಅಲೈವ್ ಸಂದೇಶ ಆ ದಾಖಲೆಯನ್ನು ಸಾಯಲು ಬಿಡುವುದಿಲ್ಲ. ಹಾಗೆ ಬಿಟ್ಟರೆ ಅದು ತಾನಾಗಿ ಸರಿಹೋಗುವುದೇ ಇಲ್ಲ. ಕನೆಕ್ಷನ್ ಪಟ್ಟಿಯಿಂದ ಆ ಒಂದು ಸಾಲನ್ನು ಅಳಿಸಿದರೆ ಟನಲ್ ಮರಳಿ ಏಳುತ್ತದೆ, ಅದರ ಹಿಂದೆ ಬಿಜಿಪಿಯೂ ಬರುತ್ತದೆ. ಆ ಕಡೆಯ ವಿಳಾಸ ಸಿಗುತ್ತಿದೆಯೇ ಎಂದು ನೋಡುತ್ತಿರುವ ನೆಟ್‌ವಾಚ್ ಸಾಧನದ ಮೂಲಕ ಈ ಅಳಿಸುವ ಕೆಲಸವನ್ನು ಸ್ವಯಂಚಾಲಿತಗೊಳಿಸಬಹುದು. ನ್ಯಾಟ್ ನಿಯಮ ಬದಲಿಸಿದಾಗಲೂ ಇದೇ ಮಾತು ಅನ್ವಯಿಸುತ್ತದೆ: ನಡೆಯುತ್ತಿರುವ ಸಂಪರ್ಕಗಳಿಗೆ ಹೊಸ ನಿಯಮ ತಗಲುವುದಿಲ್ಲ.

ಕೊರತೆಗಳನ್ನೂ ಹೇಳಬೇಕು. ಫಾಸ್ಟ್‌ಟ್ರ್ಯಾಕ್ ಎಂಬ ವೇಗವರ್ಧಕ ಮೂಲ ಸಂರಚನೆಯಲ್ಲೇ ಆನ್ ಇರುತ್ತದೆ. ಸ್ನಿಫರ್ ಅಥವಾ ಟಾರ್ಚ್ (ಆ ಕ್ಷಣದ ಸಂಚಾರವನ್ನು ತೋರಿಸುವ ಸಾಧನ) ಓಡಿಸಿದರೆ ಫಾಸ್ಟ್‌ಟ್ರ್ಯಾಕ್ ಕೆಲಸ ನಿಲ್ಲಿಸುತ್ತದೆ. ಆದ್ದರಿಂದ ಫಾಸ್ಟ್‌ಟ್ರ್ಯಾಕ್‌ನಿಂದಲೇ ಹುಟ್ಟಿದ ದೋಷ, ವಿಶೇಷವಾಗಿ ಐಪಿಸೆಕ್ ಎಂಬ ಗೂಢಲಿಪಿ ವಿಧಾನದ ಜೊತೆಗಿನದು, ನೋಡಲು ಕುಳಿತಾಗ ಮಾಯವಾಗಬಹುದು. ಪರೀಕ್ಷೆಗೆ ಮುನ್ನ ಆ ನಿಯಮವನ್ನು ಆಫ್ ಮಾಡುವುದು ಸರಿಯಾದ ಕ್ರಮ. ರೂಟರ್‌ಓಎಸ್ 6ರಿಂದ 7ಕ್ಕೆ ಬಂದಾಗ ಬಿಜಿಪಿ, ಓಎಸ್‌ಪಿಎಫ್ ಸಂರಚನೆಯ ರೂಪವೇ ಬದಲಾಗಿದೆ, ಹಳೆಯ ಪಾಠಗಳು ನೇರವಾಗಿ ಉಪಯೋಗಕ್ಕೆ ಬರುವುದಿಲ್ಲ. ಏಳನೆಯ ಆವೃತ್ತಿಯ ರೂಟ್ ಫಿಲ್ಟರಿನಲ್ಲಿ (ಯಾವ ರೂಟುಗಳನ್ನು ಒಪ್ಪಬೇಕೆಂದು ಹೇಳುವ ನಿಯಮಗಳಲ್ಲಿ) ಯಾವ ನಿಯಮಕ್ಕೂ ಹೊಂದದ ರೂಟ್ ತಿರಸ್ಕೃತವಾಗುತ್ತದೆ. ಇದನ್ನು ತಿಳಿಯದವರು ರೂಟುಗಳು ಕಾಣದಿದ್ದಾಗ ವಿನಾಕಾರಣ ನ್ಯಾಟ್ ಮೇಲೆ ಆರೋಪ ಹೊರಿಸುತ್ತಾರೆ. 16 ಎಂಬಿ ಫ್ಲ್ಯಾಶ್ ಸ್ನಿಫರ್ ಕಡತಗಳಿಗೆ ಸಾಲದು. ಮೈಕ್ರೋಎಸ್‌ಡಿ ಕಾರ್ಡ್ ಒಂದನ್ನು ಜೊತೆಗೇ ಕೊಳ್ಳಬೇಕು, ಆ ಕಡತಗಳನ್ನು ಕಂಪ್ಯೂಟರಿನ ವೈರ್‌ಶಾರ್ಕ್ ತಂತ್ರಾಂಶದಲ್ಲಿ ತೆರೆದು ನಿಧಾನವಾಗಿ ಓದಬಹುದು. ಇವುಗಳ ಎದುರು ಸೇಫ್ ಮೋಡ್ ಎಂಬ ಸೌಲಭ್ಯವನ್ನು ಇಡಬೇಕು: ಹುಬ್ಬಳ್ಳಿಯಲ್ಲಿ ಕುಳಿತು ಬ್ಯಾಡಗಿಯ ನ್ಯಾಟ್ ಬದಲಿಸುವಾಗ ಸಂಪರ್ಕ ಕಡಿದುಹೋದರೆ, ಮಾಡಿದ ಬದಲಾವಣೆಗಳನ್ನು ರೂಟರ್ ತಾನೇ ಹಿಂದಕ್ಕೆ ತೆಗೆದುಕೊಳ್ಳುತ್ತದೆ. ಹಾವೇರಿ ದಾರಿಯ ಬಸ್ಸು ಹಿಡಿಯುವುದನ್ನು ತಪ್ಪಿಸುವ ಸೌಲಭ್ಯವಿದು.

ಮೂರ್ನಾಲ್ಕು ಶಾಖೆಗಳ ಸಂಸ್ಥೆಗೆ, ಸಂರಚನೆಯನ್ನು ಓದಬಲ್ಲ ಒಬ್ಬರು ಇರುವಲ್ಲಿ, ನಾನು ಹೆಕ್ಸನ್ನು ಸಂಕೋಚವಿಲ್ಲದೆ ಶಿಫಾರಸು ಮಾಡುತ್ತೇನೆ. ಅಂತಹವರು ಇಲ್ಲದ ಕಡೆ ಬೇಡ. ಇದು ಕೇಳಿದ್ದನ್ನೆಲ್ಲ ತೋರಿಸುತ್ತದೆ, ಕೇಳದಿದ್ದರೆ ಏನನ್ನೂ ಹೇಳುವುದಿಲ್ಲ. ಸೇವಾದಾರರಿಂದ ಅಂತರ್ಜಾಲದ ಪೂರ್ಣ ಬಿಜಿಪಿ ಕೋಷ್ಟಕವನ್ನು ಪಡೆಯಬೇಕೆನ್ನುವವರಿಗೂ ಇದು ಸಲ್ಲದು, ಒಂಬತ್ತು ಲಕ್ಷಕ್ಕೂ ಮೀರಿದ ರೂಟುಗಳು 256 ಎಂಬಿ ರ‍್ಯಾಮಿನಲ್ಲಿ ಹಿಡಿಯುವುದಿಲ್ಲ. ಅವರು 1 ಜಿಬಿ ರ‍್ಯಾಮ್ ಇರುವ ಆರ್‌ಬಿ5009 ಮಾದರಿಯಿಂದ ನೋಡಲು ಆರಂಭಿಸಬೇಕು. ಹುಬ್ಬಳ್ಳಿ ಧಾರವಾಡದ ಕಾಲೇಜುಗಳಲ್ಲಿ ಓದುತ್ತಾ ಈ ವಿಷಯವನ್ನು ಕಲಿಯಬಯಸುವವರು ಏನನ್ನೂ ಕೊಳ್ಳಬೇಕಾಗಿಲ್ಲ. ಇದೇ ರೂಟರ್‌ಓಎಸ್‌ನ ಸಿಎಚ್‌ಆರ್ ಎಂಬ ರೂಪವನ್ನು ತಮ್ಮ ಲ್ಯಾಪ್‌ಟಾಪಿನ ವರ್ಚುವಲ್ ಯಂತ್ರಗಳಲ್ಲಿ ಉಚಿತವಾಗಿ ಓಡಿಸಬಹುದು. ಉಚಿತ ಪರವಾನಗಿಯಲ್ಲಿ ಪ್ರತಿ ಇಂಟರ್‌ಫೇಸಿಗೆ 1 ಎಂಬಿಪಿಎಸ್ ಮಿತಿ ಇದೆ. ಮೇಲೆ ಹೇಳಿದ ದೋಷಗಳನ್ನು ಬೇಕೆಂದೇ ಸೃಷ್ಟಿಸಿ, ಕನೆಕ್ಷನ್ ಪಟ್ಟಿಯಲ್ಲಿ ಅವನ್ನು ಗುರುತಿಸಲು ಅಷ್ಟು ವೇಗ ಸಾಕು.